ಔಷಧಿ ಹಾಕದ ತಟ್ಟೆ

ನವೆಂಬರ್ 2, ಭಾನುವಾರ

ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಒತ್ತಕ್ಷರವೂ ತಪ್ಪಿರಬಹುದು. ಬೇಸರ ಮಾಡಬೇಡ ಪುಸ್ತಕವೇ, ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು.

ಈ ಪರದೇಶದಲ್ಲಿ ಭಾನುವಾರವೂ ಕೆಲಸ. ಇವತ್ತೂ ಲ್ಯಾಬಿನಲ್ಲಿ ಬಾಟಲಿ ತೊಳೆದದ್ದೇ. ಆಸಿಡ್‌ನಲ್ಲಿ ಅದ್ದಿ ತೆಗೆದರೂ ನಾಲ್ಕರಲ್ಲಿ ಬಿಳಿ ಕಲೆ. ಕಲೆ ಇಟ್ಟು ಕವುಚಿದರೆ ತೊಳೆದ ಹಾಗಲ್ಲ — ಅಮ್ಮನ ಮಾತು. ಪ್ಯಾಂಟ್ರಿಯಿಂದ ಪಾತ್ರೆ ಉಜ್ಜುವ ಕೆಂಪು ತಂತಿಯ ಉಂಡೆ ತಂದು ಉಜ್ಜಿದೆ. ಪಳಪಳ.

ಲ್ಯಾಬಿನಲ್ಲಿ ಸಂಶೋಧನೆ ಮಾಡುವ ಶಹನಾ ಮೇಡಂ ಒಂದನ್ನು ಎತ್ತಿ ನೋಡಿದರು. "ಹೊಸತಾ ಮೋಕ್ಷಾ ಇದು?" ನಕ್ಕು ನಾಲ್ಕನ್ನೂ ಕಪಾಟಿನಲ್ಲಿಟ್ಟೆ.

ನವೆಂಬರ್ 4, ಮಂಗಳವಾರ

ಧೈರ್ಯ ಮಾಡಿ ಕೇಳಿದೆ, ಬಾಟಲಿಯ ದ್ರವ ಸುರಿದು ಆ ಪುಟ್ಟ ತಟ್ಟೆಗಳಲ್ಲಿ ಏನು ಬೆಳೆಸುತ್ತೀರಿ ಎಂದು. ಮೇಡಂ ಉಪ್ಪಿನಂಗಡಿಯವರು. ನಮ್ಮ ಕಡೆಯ ಮಾತು.

"ಕ್ಯಾನ್ಸರಿನ ಸೆಲ್ ಮಾರಾಯ್ತಿ. ನಮ್ಮ ಔಷಧಿಯಲ್ಲಿ ತಾಮ್ರ ಉಂಟು. ಸೆಲ್ಲಿಗೆ ಚೂರು ತಾಮ್ರ ಬೇಕು, ಜಾಸ್ತಿಯಾದ್ರೆ ವಿಷ. ಒಳಗೆ ಎಷ್ಟು ಹೋಯ್ತು, ಹೋಗಿ ಯಾವ ಮೂಲೆಯಲ್ಲಿ ಕೂತಿತು, ಅದನ್ನು ನೋಡುದು."

"ಔಷಧಿ ಹಾಕದ ತಟ್ಟೆ ಯಾಕೆ ಮತ್ತೆ?"

"ಹೋಲಿಸ್ಲಿಕ್ಕೆ. ಅದ್ರಲ್ಲಿ ತಾಮ್ರ ಹೆಚ್ಚು ಕಂಡ್ರೆ ಖಲಾಸ್. ಉಳಿದದ್ದನ್ನು ಯಾರೂ ನಂಬುದಿಲ್ಲ."

ನವೆಂಬರ್ 9, ಭಾನುವಾರ

ಕಂಡಿದೆ. ಔಷಧಿ ಹಾಕದ ತಟ್ಟೆಯಲ್ಲೂ ತಾಮ್ರ.

ಲ್ಯಾಬಿನ ದೊಡ್ಡ ಡಾಕ್ಟರ್ ಎಲ್ಲರೆದುರು ಮೇಡಂಗೆ ಬೈದರು. ತಟ್ಟೆ ಅದಲುಬದಲು ಮಾಡಿದ್ದಾರಂತೆ. ಗುರುವಾರ ಮೀಟಿಂಗ್. ಕಾರಣ ತೋರಿಸದಿದ್ದರೆ ಮೂರು ತಿಂಗಳ ಕೆಲಸ ಬೇರೆಯವರ ಕೈಗೆ.

ಆ ಕೆಂಪು ತಂತಿ...

ಸಂಜೆ

ತಂತಿಯ ಪೊಟ್ಟಣ ರೂಮಿಗೆ ತಂದು ದೊಡ್ಡಮ್ಮನಿಗೆ ತೋರಿಸಿದೆ. ನನ್ನನ್ನು ಕೆಲಸಕ್ಕೆ ಸೇರಿಸಿದವರು ಅವರೇ, ಕ್ಲೀನಿಂಗ್ ಸೂಪರ್‌ವೈಸರ್. ಕನ್ನಡಕ ಹಾಕಿ ಓದಿದರು. "ಕಾಪರ್ ಅಂತ ಉಂಟು. ತಾಮ್ರವೇ."

ಎಲ್ಲ ಹೇಳಿದೆ.

"ಬಾಯಿ ಮುಚ್ಚಿ ಕೂತ್ಕೋ. ಇಷ್ಟು ದಿನ ಮೂಗಿ, ಈಗ ಮಾತ್ರ ನಾಲಗೆ ಬಂತಾ? ಗೊತ್ತಾದ್ರೆ ಇಬ್ಬರ ವೀಸಾವೂ ಹೋಯ್ತು."

ನವೆಂಬರ್ 12, ಬುಧವಾರ

ಮೇಡಂ ಇನ್ನೊಮ್ಮೆ ಮಾಡಿ ನೋಡುತ್ತಾರಂತೆ. ಕಪಾಟು ತೆರೆದು ಬಾಟಲಿ ಆರಿಸಿದರು. ಹೊಳೆಯುವುದನ್ನೇ.

"ಅದು ಬೇಡ" ಎನ್ನಲು ಹೊರಟೆ. ಬಾಗಿಲಲ್ಲಿ ದೊಡ್ಡಮ್ಮ ನಿಂತಿದ್ದರು. ನೆಲ ಒರೆಸಿದೆ.

ನವೆಂಬರ್ 13, ಗುರುವಾರ, ಬೆಳಿಗ್ಗೆ 7

ಪ್ಯಾಂಟ್ರಿಯಲ್ಲಿ ಕೂತು ಬರೆಯುತ್ತಿದ್ದೇನೆ. ದೊಡ್ಡಮ್ಮ ಮೇಲಿನ ಮಹಡಿಯಲ್ಲಿ. ತಂತಿಯ ಉಂಡೆಯನ್ನು ಪೊಟ್ಟಣ ಸಮೇತ ಮೇಡಂ ಮೇಜಿನ ಮೇಲಿಟ್ಟೆ. ಜೊತೆಗೆ ಚೀಟಿ: ಆಸಿಡ್ ಆದ ಮೇಲೆ ಬಾಟಲಿಗಳನ್ನು ಇದರಲ್ಲಿ ಉಜ್ಜಿದ್ದು ನಾನು, ದೊಡ್ಡಮ್ಮನಿಗೆ ಗೊತ್ತಿರಲಿಲ್ಲ. ಕೊನೆಯ ಮಾತು ಸುಳ್ಳು. ಇರಲಿ. ಹೆಸರು ಹಾಕದೆ ಬಂದಿದ್ದೆ. ತಿರುಗಿ ಹೋಗಿ ಹಾಕಿದೆ. ಕ್ಷಾ ಸರಿಯಾಗಿ ಬರಲಿಲ್ಲ, ಹೊಡೆದುಹಾಕಿ ಇನ್ನೊಮ್ಮೆ ಬರೆದೆ. ಲಿಫ್ಟ್ ಬಂತು, ಮೇಡಂ ಹೆಜ್ಜೆ —