ಕಿಟಕಿಯಲ್ಲಿಟ್ಟ ಲೋಳೆಸರ

ಬಂಟ್ವಾಳ,
ಜುಲೈ ೧೯೯೮

ಪೂಜ್ಯ ಅತ್ತೆಯವರಿಗೆ ನಮಸ್ಕಾರಗಳು.

ನೀವು ಅಳದಂಗಡಿಯಿಂದ ಬಸ್ಸಿನಲ್ಲಿ ಕಳುಹಿಸಿದ ಲೋಳೆಸರದ ಚಟ್ಟಿ ತಲುಪಿತ್ತು. ಮಳೆಗೆ ಕೊಳೆಯದಿರಲೆಂದು ಒಳಗೆ, ನಿಮ್ಮ ಮಗನ ಮಂಚದ ಪಕ್ಕದ ಕಿಟಕಿಯಲ್ಲಿಟ್ಟು, ನೀರು ಕಡಿಮೆ ಹಾಕುತ್ತಿದ್ದೇನೆ. ಮಲಗಿ ಮಲಗಿ ಬೆನ್ನಿನಲ್ಲಾದ ಹುಣ್ಣಿಗೆ ಅದರ ಲೋಳೆಯನ್ನೇ ಹಚ್ಚುತ್ತೇನೆ.

ಅಷ್ಟಮಿ, ಚತುರ್ದಶಿಗೆ ಹಸಿರು ಮುರಿಯಬಾರದೆಂಬ ನಿಮ್ಮ ನೇಮವನ್ನು ಇಲ್ಲಿಯೂ ಪಾಲಿಸಿದ್ದೆವು. ನಿನ್ನೆ ಚತುರ್ದಶಿ. "ಅಮ್ಮನಿಗೆ ಹೇಳ್ಬೇಡ ಮಾರಾಯ್ತಿ, ಒಂದು ಎಲೆ ಮುರಿ, ಉರಿ ತಡೀಲಿಕ್ಕೆ ಆಗುದಿಲ್ಲ" ಎಂದರು. ಮುರಿದೆ. ಹಚ್ಚಿದ ಮೇಲೂ ಉರಿ ಇಳಿಯಲಿಲ್ಲ. ಇನ್ನು ಔಷಧ ಬೇಡವೆಂದು ಡಾಕ್ಟರು ಹೇಳಿ ಹೋಗಿದ್ದಾರೆ.

ಮತ್ತೊಂದು ಚಟ್ಟಿ ಕಳುಹಿಸಬೇಡಿ. ಅದೇ ಬಸ್ಸಿಗೆ ನೀವೇ ಬನ್ನಿ. ನನ್ನ ಮುಖ ನೋಡಬೇಕಾಗಿಲ್ಲ; ನೀವು ಇರುವಷ್ಟು ಹೊತ್ತು ನಾನು ಅಡಿಗೆಮನೆಯಲ್ಲಿರುತ್ತೇನೆ.

ಇತಿ,
ನಿಮ್ಮ ಮಗನ ಹೆಂಡತಿ
ತ್ರಿಶಲಾ