ಮೂರು ದಳಕ್ಕೆ ಒಂದೇ ಗಪ್

ಅಕ್ಟೋಬರ್ 24, 1971. ರವಿವಾರ

ನಲ್ಲಿ ಐದಕ್ಕೆ ಬಂತು, ಐದೂವರೆಗೆ ಹೋಯಿತು. ಎದುರು ಖೋಲಿಯ ಸುಂದ್ರವ್ವ ಮೂರು ಕೊಡ ತುಂಬಿಸಿ ನಾಲ್ಕನೆಯದನ್ನು ಬಗಲಲ್ಲಿ ಹಿಡಿದು ನಿಂತಿದ್ದಳು. "ಏನವಾ, ವಡಾಲದ ಸಮುದ್ರಾನೂ ತುಂಬ್ಕೊಂಡು ಹೋಗು, ಉಪ್ಪಿಗೆ ಆಗ್ತೈತಿ" ಅಂದೆ. "ದೇವಕ್ಕಾ, ನಿನ್ನ ನಾಲಿಗಿ ಇರೋತನಕ ಈ ಚಾಳಿಗೆ ಖಾರ ಬ್ಯಾಡ, ಉಪ್ಪರ ಒಯ್ತೀನಿ ಬಿಡು" ಅಂದಳು. ಇವತ್ತು ಆಕೆಯ ಮಾತೇ ಮೇಲಾಯಿತು. ಬರೆದಿಡುತ್ತೇನೆ, ಮರೆಯಬಾರದು.

ಮಗ ಖಂಡಪ್ಪ ಹೆಲ್ಮೆಟ್ ಹಾಕಿಕೊಂಡು ಹೋದ. ಯುದ್ಧ ಆಗಬಹುದಂತೆ. ಬಿಲ್ಡಿಂಗ್ ಬಿದ್ದರೆ ಒಳಗಿನವರನ್ನು ತೆಗೆಯುವ ದಳ ಬೇಕಂತೆ. ಕಟ್ಟುವವರಿಗೆ ಬಿದ್ದದ್ದನ್ನು ಎತ್ತಲೂ ಬರುತ್ತದೆ ಎಂದು ಇವನ ಗ್ಯಾಂಗಿನ ಎಂಟೂ ಜನರ ಹೆಸರು ಬರೆದುಕೊಂಡಿದ್ದಾರೆ. ಎಲ್ಲರೂ ನಮ್ಮ ವಿಜಾಪುರ ಕಡೆಯಿಂದ ಮುಂಬಯಿಗೆ ಬಂದವರು. ಇವನೇ ಮುಖ್ಯಸ್ಥ.

ಡೈರಿ 1969ರದು. ಕಂಟ್ರಾಕ್ಟರ್ ಕೊಟ್ಟದ್ದು. ತಾರೀಖು ಸರಿ, ವಾರ ಹೊಂದುವುದಿಲ್ಲ. ಹೊಡೆದು ಬರೆಯುತ್ತೇನೆ. ಮೂರನೇ ಇಯತ್ತೆಗೆ ಸಾಲೆ ಬಿಡಿಸಿದರು. ಅಷ್ಟು ಸಾಕು, ಬೈಯುವುದನ್ನೆಲ್ಲ ಬರೆಯಲು ಬರುತ್ತದೆ.

ಅಕ್ಟೋಬರ್ 27

ಈ ಯುದ್ಧದ ತಯಾರಿಯ ವಾರ್ಡನ್ ಕೇಶವಮೂರ್ತಿ ಬಂದಿದ್ದರು. ಮೈಸೂರು ಕಡೆಯವರು, ಆಫೀಸಿನ ನೌಕರಿ. ಊದುವ ಸೀಟಿಯನ್ನು ಜನಿವಾರದ ಹಾಗೆ ಹಾಕಿಕೊಂಡಿರುತ್ತಾರೆ, ಸ್ನಾನಕ್ಕೂ ತೆಗೆಯುವುದಿಲ್ಲವೇನೋ.

"ಭಾನುವಾರ ಜಂಟಿ ತರಬೇತಿ ಇದೆ ಅಜ್ಜಿ. ಅಗ್ನಿಶಾಮಕ ದಳ, ಗೃಹರಕ್ಷಕ ದಳ, ಶೋಧ ಮತ್ತು ರಕ್ಷಣಾ ದಳ, ಮೂರೂ ಒಟ್ಟಿಗೆ."

"ಇದು ಯಾವ ಭಾಷಾರಿ?"

"ಕನ್ನಡ, ಅಜ್ಜಿ."

ಮೊಮ್ಮಗಳು ಸೇವಂತಿ ಬಿಡಿಸಿ ಹೇಳಿದಳು. ಬೆಂಕಿ ಆರಿಸುವವರು, ಹೋಮ್‌ಗಾರ್ಡಿನವರು, ನಮ್ಮ ಪಪ್ಪಾನವರು. ಗಾಯಾಳು ಆಗಿ ಮಲಗಲು ಒಬ್ಬರು ಬೇಕಂತೆ. ನಾನು ಬಾಯಿ ತೆಗೆಯುವುದರೊಳಗೆ ಗ್ಯಾಲರಿಯಿಂದ ಸುಂದ್ರವ್ವನ ಕೈ ಮೇಲೆ ಹೋಗಿತ್ತು. ಮಲಗುವ ಕೆಲಸ ಎಂದರೆ ಆಕೆಯ ಕಿವಿ ಬಹಳ ಚುರುಕು.

ಅಕ್ಟೋಬರ್ 31. ಸಂಜೆ

ಮಾನ ಹೋಯಿತು.

ಹಿಂದಿನ ಹಳೇ ಗೋದಾಮಿನ ಪಕ್ಕದ ಖಾಲಿ ಜಾಗದಲ್ಲಿ ತರಬೇತಿ. ಸುಂದ್ರವ್ವನ ಕೊರಳಿಗೆ ಚೀಟಿ — ಬಲಗಾಲು ಮುರಿದಿದೆ. ಖಂಡಪ್ಪ, ಅವನ ಗ್ಯಾಂಗಿನ ಗದಿಗೆಪ್ಪ ಸ್ಟ್ರೆಚರಿನ ಮೇಲೆ ಎತ್ತಿದರು. ಮದುಮಗಳ ಹಾಗೆ ಕಣ್ಣು ಮುಚ್ಚಿಕೊಂಡು ಹೊರಟಳು. ಅಷ್ಟರಲ್ಲಿ ಆ ಕಡೆಯಿಂದ ಯಾರೋ ಒಬ್ಬ ಕೂಗಿದ — "ಬಂಬ್ ಆಲಾ, ಬಂಬ್ ಆಲಾ, ಬಾಜೂಲಾ ವ್ಹಾ."

ಬೆಂಕಿ ಆರಿಸುವ ಗಾಡಿ ಬಂತು, ಬದಿಗೆ ಸರಿಯಿರಿ ಎಂದು ಅವನ ಮರಾಠಿ. ಅವರಿಗೆ ಬಂಬ್ ಎಂದರೆ ಆ ಗಾಡಿ. ನಮ್ಮೂರಲ್ಲಿ ಬಂಬ ಎಂದರೆ ಗೌಡರ ಬಚ್ಚಲಲ್ಲಿ ನೀರು ಕಾಯಿಸುವ ತಾಮ್ರದ್ದು. ನಮ್ಮ ಹುಡುಗರಿಗೆ ಎರಡೂ ನೆನಪಾಗಲಿಲ್ಲ. ವಾರವಿಡೀ ಕಲಿಸಿದ್ದೊಂದೇ ನೆನಪಾಯಿತು — ಬಾಂಬ್ ಬಂದರೆ ನೆಲಕ್ಕೆ ಬೀಳು, ಕಿವಿ ಮುಚ್ಚು, ಹಲ್ಲಲ್ಲಿ ಅರಿವೆ ಕಚ್ಚು. ಸ್ಟ್ರೆಚರ್ ಬಿಟ್ಟು ಎಂಟೂ ಜನ ಬೋರಲು. ಬಲಗಾಲು ಮುರಿದವಳು ಎಲ್ಲರಿಗಿಂತ ಮೊದಲು ಎದ್ದು ಚಾಳು ಮುಟ್ಟಿದಳು.

ಅಷ್ಟಕ್ಕೇ ಮುಗಿಯಲಿಲ್ಲ. ಹೋಮ್‌ಗಾರ್ಡಿನವರು ಬಂದು, ಮಲಗಿದವರೆಲ್ಲ ಗಾಯಾಳುಗಳು ಎಂದು ತಿಳಿದು ಗದಿಗೆಪ್ಪನ ತಲೆಗೆ ಪಟ್ಟಿ ಸುತ್ತಿದರು. ಸಾಹೇಬರ ಹುಕುಂ ಇರಬೇಕು ಎಂದು ಅವನೂ ಸುತ್ತಿಸಿಕೊಂಡ. ಮನೆಗೂ ಹಾಗೇ ಹೋದ.

ಬೆಂಕಿ ಆರಿಸುವವರ ಮುಖ್ಯಸ್ಥ, ಬಂಬಿನ ಸಾಹೇಬರು, ಮರಾಠಿಯಲ್ಲಿ ಏನೋ ಅಂದರು. ಕೇಶವಮೂರ್ತಿ ನೆಲ ನೋಡುತ್ತ ಕನ್ನಡದಲ್ಲಿ ಹೇಳಿದರು. ನವೆಂಬರ್ 21ಕ್ಕೆ ಇನ್ನೊಂದು ಸಲ. ಅದೂ ಕೆಟ್ಟರೆ ಖಂಡಪ್ಪನ ಗ್ಯಾಂಗ್ ಒಡೆದು, ಇಬ್ಬಿಬ್ಬರನ್ನು ಬೇರೆ ದಳಗಳ ಹಿಂದೆ ಸ್ಟ್ರೆಚರ್ ಹೊರಲು ಹಾಕುತ್ತಾರೆ.

ನವೆಂಬರ್ 1

ಖಂಡಪ್ಪ ಊಟ ಮಾಡಲಿಲ್ಲ. "ಬಿಡೋ, ಮನಿ ಕೆಲಸಾ ಏನು ಅದು" ಅಂದೆ. ತಟ್ಟೆ ಬದಿಗೆ ಸರಿಸಿ ಅಂದ — "ಯವ್ವಾ, ಅಪ್ಪನ ಮ್ಯಾಲೆ ಗ್ವಾಡಿ ಬಿದ್ದಾಗ ಎಷ್ಟು ಮಂದಿ ಇದ್ರು?"

ಗೋರೆಗಾಂವ್‌ನ ಕೆಲಸ ಅದು. ಹದಿನಾರು ವರ್ಷ ಆಯಿತು. ನೂರು ಜನ ಇದ್ದರು. ನೂರೂ ಜನ ಕೂಗುತ್ತಿದ್ದರು. ಈ ಕಡೆಯವರು ತೆಗೆದ ಕಲ್ಲನ್ನು ಆ ಕಡೆ ಹಾಕಿದರು, ಆ ಕಡೆಯವರು ಈ ಕಡೆ. ನಾನೂ ಕೂಗುತ್ತಿದ್ದೆ. ಒಳಗಿಂದ ಅವರು ಕೂಗಿದರೋ ಇಲ್ಲವೋ, ಯಾರಿಗೂ ಕೇಳಿಸಲಿಲ್ಲ.

"ಮೊದಲ ಸುಮ್ನ ನಿಂತು ಕೇಳಬೇಕಂತ. ಇಲ್ಲಿ ಅದನ್ನ ಕಲಿಸ್ತಾರ" ಅಂದ. "ನಮ್ಮ ಹುಡುಗರಿಗೆ ಕಲ್ಲು ಗೊತ್ತೈತಿ. ಅದೂ ಗೊತ್ತಾದ್ರ ಸಾಕಿತ್ತು."

ಇನ್ನು ಬಿಡು ಎನ್ನುವುದಿಲ್ಲ.

ನವೆಂಬರ್ 4

ಸುಂದ್ರವ್ವ ಮಾತು ಬಿಟ್ಟಿದ್ದಾಳೆ. ನನ್ನನ್ನು ಕಂಡರೆ ಕುಂಟುತ್ತಾಳೆ, ನಲ್ಲಿ ಬಂದರೆ ಓಡುತ್ತಾಳೆ.

ನವೆಂಬರ್ 10

ಮೂರು ದಳದ ಮುಖ್ಯಸ್ಥರು ನಮ್ಮ ಖೋಲಿಯಲ್ಲೇ ಸೇರಿದ್ದರು. ಎಲ್ಲರೂ ಸುಮ್ಮನಾಗಬೇಕಾದಾಗ ಯಾವ ಮಾತು ಹೇಳಬೇಕು — ಅದಕ್ಕೊಂದು ಮೀಟಿಂಗ್. ನಾನು ಚಹಾ ಇಟ್ಟೆ.

ಕೇಶವಮೂರ್ತಿ "ನಿಶ್ಶಬ್ದ" ಅಂದರು. ಗದಿಗೆಪ್ಪನ ಬಾಯಲ್ಲಿ ಅದು "ನಿಸಬದ". "ದೂರಿಂದ ಸಬದ ಅಂತಷ್ಟ ಕೇಳತೈತ್ರಿ. ಸಬದ ಮಾಡ್ರಿ ಅಂದಂಗ ಆಗತೈತಿ" ಅಂದ. ಅವನಿಗೂ ಒಮ್ಮೊಮ್ಮೆ ಬುದ್ಧಿ ಬರುತ್ತದೆ. ಹೋಮ್‌ಗಾರ್ಡಿನ ಹಿಂದಿಯವ "ಖಾಮೋಶ್" ಅಂದ. ಬಂಬಿನ ಸಾಹೇಬರು "ಶಾಂತತಾ" ಅಂದರು. ಸುಮ್ಮನಿರುವ ಮಾತಿಗಾಗಿ ಮೂವರೂ ಎಷ್ಟು ಗದ್ದಲ ಮಾಡಿದರೆಂದರೆ ಚಹಾ ಉಕ್ಕಿದ್ದು ನನಗೆ ಕೇಳಿಸಲಿಲ್ಲ.

"ಗಪ್ ಕುಂದರ್ರಿ ಎಲ್ಲಾರೂ" ಅಂದೆ.

ಸಾಹೇಬರು ತಿರುಗಿ ನೋಡಿದರು. "ಗಪ್? ಹಾ ತರ ಆಮಚಾ ಶಬ್ದ." ನಮ್ಮ ಮಾತು ಎನ್ನುತ್ತಾರೆ. ನಮ್ಮದೂ ಹೌದು ಎಂದೆ. ಹಿಂದಿಯವ ಒಪ್ಪಲಿಲ್ಲ. ಅವನ ಕಡೆ ಗಪ್ ಎಂದರೆ ಹರಟೆಯಂತೆ. ಕೂತು ಹರಟೆ ಹೊಡೆಯಿರಿ ಎಂದಂತೆ ಆಗುತ್ತದಂತೆ. ಕೊನೆಗೆ ಸಾಹೇಬರ ಶಾಂತತಾ ಗೆದ್ದಿತು. ಚಹಾ ಅರ್ಧರ್ಧ ಕಪ್ ಬಂತು.

ನವೆಂಬರ್ 18

ಗಾಯಾಳು ಆಗಲು ಚಾಳಿನಲ್ಲಿ ಯಾರೂ ಒಪ್ಪುತ್ತಿಲ್ಲ. ಸುಂದ್ರವ್ವ ಮನೆಮನೆಗೆ ಹೋಗಿ ಕಾಲು ತೋರಿಸಿ ಬಂದಿದ್ದಾಳೆ.

ನಾನೇ ಮಲಗುತ್ತೇನೆ ಎಂದೆ. ಖಂಡಪ್ಪ ಬೇಡ ಎಂದ. ಅವನ ಬೇಡ ಎನ್ನುವುದು ನನಗೆ ಯಾವತ್ತೂ ಕೇಳಿಸಿಲ್ಲ. ಅಷ್ಟು ಸಣ್ಣ ದನಿ.

ನವೆಂಬರ್ 21. ರವಿವಾರ

ಮೈಯೆಲ್ಲ ಸುಣ್ಣ. ಆದರೂ ಬರೆಯುತ್ತೇನೆ.

ಹಲಗೆ, ಇಟ್ಟಿಗೆ ಒಟ್ಟಿ ಒಳಗೆ ಗೂಡು ಮಾಡಿದ್ದರು. ನನ್ನ ಕೈಯಲ್ಲಿ ಹಿತ್ತಾಳೆ ಲೋಟ. ಹೊರಗಿಂದ ಕೇಳಿದಾಗ ಮೂರು ಸಲ ತಟ್ಟಬೇಕು. ಸೇವಂತಿ ಕೊರಳಿಗೆ ಚೀಟಿ ಕಟ್ಟಿದಳು — ಮಾತು ನಿಂತಿದೆ. ಸುಂದ್ರವ್ವ ನೋಡಲು ಬಂದಿದ್ದಳು. ಓದಿಸಿ ಕೇಳಿ, ಇಪ್ಪತ್ತು ದಿನದ ಮೌನ ಮುರಿದಳು.

"ಈ ಚೀಟಿ ಬರ್ದಾಂವಗ ದೇವರು ಒಳ್ಳೇದು ಮಾಡ್ಲಿ. ಇಪ್ಪತ್ತು ವರ್ಷ ಆತು ಹರಕಿ ಹೊತ್ತು."

ಚೀಟಿ ಇತ್ತಲ್ಲ, ಉತ್ತರ ಕೊಡುವ ಹಾಗಿಲ್ಲ. ಒಳಗೆ ಹೋದೆ.

ಕತ್ತಲು. ಮೂಗಿಗೆ ಮಣ್ಣು. ಮೇಲೆ ಮೂರೂ ದಳ ಬಂದವು. ಹೋಮ್‌ಗಾರ್ಡಿನವರು ಓಡಾಡಿದರು. ಸಾಹೇಬರ ಜನ ಶಾಂತತಾ ಶಾಂತತಾ ಎಂದು ಗಂಟಲು ಹರಿಯುವ ಹಾಗೆ ಕಿರುಚಿದರು. ಕೇಶವಮೂರ್ತಿ ಸೀಟಿ ಊದಿದರು. ಗದ್ದಲ ಮಾಡಬೇಡಿ ಎನ್ನುವ ಗದ್ದಲ. ನಾನು ತಟ್ಟಿದೆ. ಯಾರೂ ಇಲ್ಲ. ಮತ್ತೆ ತಟ್ಟಿದೆ. ನಡುವೆ ಖಂಡಪ್ಪನ ದನಿ ಒಮ್ಮೆ ಕೇಳಿಸಿ ಮುಳುಗಿಹೋಯಿತು. ಇಟ್ಟಿಗೆಯೊಂದನ್ನು ಈ ಕಡೆಯಿಂದ ಆ ಕಡೆ ಎಸೆದ ಸದ್ದು.

ಖಂಡಪ್ಪನ ಅಪ್ಪನಿಗೂ ಹೀಗೇ ಇತ್ತೇನೋ. ತಟ್ಟುತ್ತಿದ್ದರೇನೋ.

ಆಮೇಲೆ ಚೀಟಿ ಗೀಟಿ ನೆನಪಿರಲಿಲ್ಲ. ಇದ್ದ ಉಸಿರೆಲ್ಲ ಕೂಡಿಸಿ ಒಂದೇ ಮಾತು — "ಗಪ್."

ಎಲ್ಲ ನಿಂತಿತು. ಮರಾಠಿಯವರೂ ನಿಂತರು, ನಮ್ಮವರೂ ನಿಂತರು. ಹಿಂದಿಯವರಿಗೆ ಅದು ಹರಟೆಯ ದನಿಯಲ್ಲ ಎಂದು ತಿಳಿದಿರಬೇಕು. ಸೀಟಿಯೂ ನಿಂತಿತು. ಮೂರು ಸಲ ತಟ್ಟಿದೆ. "ಇಲ್ಲಿ" ಅಂದ ಖಂಡಪ್ಪ. ತೆಗೆದರು.

ಸಾಹೇಬರು ನನ್ನ ಮುಖ ನೋಡಿದರು, ಚೀಟಿ ನೋಡಿದರು. ಮಾತು ನಿಂತಿದೆ. ತೀರ್ಪು ಕೇಶವಮೂರ್ತಿ ಹೇಳಿದರು. "ಗಾಯಾಳು ಫೇಲು ಅಜ್ಜಿ. ಇವತ್ತಿನಿಂದ ಮೂರು ದಳಕ್ಕೂ ಮಾತು ಗಪ್. ಮುಖ್ಯಸ್ಥ ಕೈ ಮೇಲೆತ್ತಿ ಕೂಗಬೇಕು. ಕೈ ಇಳಿಸೋ ತನಕ ಯಾರೂ ಉಸಿರೆತ್ತಬಾರದು."

"ನನ್ನ ಮಗನ ಗ್ಯಾಂಗು?"

ಅದನ್ನು ಸಾಹೇಬರೇ ಹೇಳಿದರು. ನಿಜವಾಗಿ ಬಿದ್ದಾಗ ಒಳಗಿರುವವರು ಕೂಗಿ ಸುಮ್ಮನಾಗಿಸುವುದಿಲ್ಲ, ಇವನು ಕೂಗಬೇಕು. ಇವನ ದನಿ ಬರುವುದಿಲ್ಲ. ಮುಂದಿನ ರವಿವಾರ ನೋಡುತ್ತೇನೆ, ಅಂದರು.

ನವೆಂಬರ್ 24

ದಿನಾ ಸಂಜೆ ಕೂಗಿಸುತ್ತಿದ್ದೇನೆ. ಗಪ್ ಎನ್ನುತ್ತಾನೆ, ಉಪ್ಪು ಹಾಕು ಎಂದ ಹಾಗೆ.

"ಸುಂದ್ರವ್ವಗ ಅಂತಿ ಅಂತ ತಿಳ್ಕೋ" ಅಂದೆ.

"ಹಿರ್‍ಯಾರಿಗೆ ಹೆಂಗ ಅನ್ಲಿ ಯವ್ವಾ."

ತಪ್ಪು ನನ್ನದೂ ಇದೆ. ನಲವತ್ತು ವರ್ಷ ಈ ಸಂಸಾರದಲ್ಲಿ ಇನ್ನೊಂದು ದನಿಗೆ ಜಾಗ ಬಿಟ್ಟಿಲ್ಲ.

ನವೆಂಬರ್ 26

ಸುಂದ್ರವ್ವ ಗ್ಯಾಲರಿ ತುಂಬ ಸಂಡಿಗೆ ಇಟ್ಟಿದ್ದಾಳೆ. ಕಾಲಿಡಲು ಜಾಗವಿಲ್ಲ. "ಇದು ಗ್ಯಾಲರಿ, ನಿನ್ನ ತವರುಮನಿ ಮಾಳಗಿ ಅಲ್ಲ. ಆ ಗೋದಾಮಿನ ಗ್ವಾಡಿ ಬಾಜೂಕ ಬಿಸಿಲು ಬಿದ್ದೈತಿ, ಒಯ್ದು ಅಲ್ಲಿಡು" ಅಂದೆ. ಗೊಣಗುತ್ತ ಒಯ್ದಳು. ಇವತ್ತು ನನ್ನ ಮಾತು ಮೇಲು.

ನವೆಂಬರ್ 28. ಮಧ್ಯಾಹ್ನ ಮೂರು

ಗೋದಾಮಿನ ಗೋಡೆ ಬಿತ್ತು. ಬಾಂಬಲ್ಲ, ಯುದ್ಧವಲ್ಲ, ಹಳೆಯದಾಗಿ ತಾನೇ ಬಿತ್ತು. ಸುಂದ್ರವ್ವ ಸಂಡಿಗೆ ತಿರುವಿ ಹಾಕಲು ಹೋಗಿದ್ದಳು.

ಮೂರೂ ದಳ ಆ ಜಾಗದಲ್ಲೇ ಹಗ್ಗದ ತರಬೇತಿಯಲ್ಲಿದ್ದವು. ಯಾರನ್ನೂ ಹತ್ತಿರ ಬಿಡುತ್ತಿಲ್ಲ. ಹಿಂದಿನ ಗ್ಯಾಲರಿಯಲ್ಲಿ ಕೂತಿದ್ದೇನೆ. ಕೆಳಗೆ ಎಲ್ಲ ಕಾಣುತ್ತದೆ. ಸುಮ್ಮನೆ ಕೂರಲಾಗದೆ ಪೆನ್ಸಿಲ್ ಹಿಡಿದಿದ್ದೇನೆ. ಅಲ್ಲಿಡು ಎಂದವಳು ನಾನು.

ಚಾಳೆಲ್ಲ ಕೆಳಗೆ ಇಳಿದು ಕೂಗುತ್ತಿದೆ. ಸೀಟಿ. ಬಂಬ್ ಬಂತು. ಈ ಸಲ ನಮ್ಮ ಹುಡುಗರು ನೆಲಕ್ಕೆ ಬೀಳಲಿಲ್ಲ. ಒಬ್ಬ ಈ ಕಡೆಯಿಂದ ಕಲ್ಲು ಎಳೆಯುತ್ತಿದ್ದಾನೆ, ಇನ್ನೊಬ್ಬ ಆ ಕಡೆಯಿಂದ. ಹಾಗೆ ಮಾಡಬೇಡಿರಪ್ಪ. ಈ ಗದ್ದಲದಲ್ಲಿ ನಾನು ಇಲ್ಲಿಂದ ಕೂಗಿದರೂ ಮುಟ್ಟುವುದಿಲ್ಲ.

ಖಂಡಪ್ಪ ಕಲ್ಲಿನ ರಾಶಿ ಹತ್ತಿದ. ಕೈ ಮೇಲೆತ್ತಿದ.

ಕೂಗಿದ. ಥೇಟ್ ನನ್ನ ದನಿ. ಹದಿನಾರು ವರ್ಷ ಎಲ್ಲಿಟ್ಟಿದ್ದನೋ.

ಎಲ್ಲ ನಿಂತಿತು. ದೂರದ ಲೋಕಲ್ ಟ್ರೇನಿನ ಸದ್ದು ಕೇಳುತ್ತದೆ. ಬಂಬಿನ ಸಾಹೇಬರು ಟೋಪಿ ಹಿಡಿದುಕೊಂಡು ನಿಂತಿದ್ದಾರೆ. ಗದಿಗೆಪ್ಪ ಒಂದು ಕಾಲೆತ್ತಿದವನು ಹಾಗೇ ನಿಂತಿದ್ದಾನೆ.

ಏನೂ ಇಲ್ಲ.

ಏನೂ ಇಲ್ಲ.

ತಟ್ಟಿದಳು. ತಟ್ಟೆಯೋ ಏನೋ. ಒಂದು, ಎರಡು, ಮೂರು. ಅದರ ಹಿಂದೆಯೇ ಬಾಯಿ — ಕಲ್ಲಿನ ಕೆಳಗಿಂದ ಸಣ್ಣಗೆ, ಆದರೆ ಅಕ್ಷರ ಅಕ್ಷರವೂ ಕೇಳಿಸುತ್ತಿದೆ. "ಆ ದೇವಕ್ಕನ ಮಾತು ಕೇಳಿ ಕೆಟ್ಟೆ. ಆಕಿ ಬಾಯಾಗ ಮಣ್ಣು ಬೀಳ್ಲಿ, ನನ್ನ ಬಾಯಾಗ ಬಿದ್ದೈತಿ... ಸಂಡಿಗಿ ಎಲ್ಲಾ ಹೋತು..."

ಬದುಕಿದ್ದಾಳೆ. ಬೈಯುತ್ತಿದ್ದಾಳೆ. ಕಣ್ಣು ಒರೆಸಿಕೊಂಡು ಬರೆಯುತ್ತಿದ್ದೇನೆ. ಖಂಡಪ್ಪ ಇನ್ನೂ ಕೈ ಇಳಿಸಿಲ್ಲ. ತಲೆ ಬಾಗಿಸಿ ಎಲ್ಲಿಂದ ಎಂದು ಕೇಳುತ್ತಿದ್ದಾನೆ. ಬೈಯಲಿ, ನಿಲ್ಲಿಸದಿರಲಿ. ಉತ್ತರ ನನ್ನ ನಾಲಿಗೆಯ ತುದಿಗೇ ಬಂದಿದೆ, ಇಪ್ಪತ್ತು ವರ್ಷದಲ್ಲಿ ಇಷ್ಟು ಚೆನ್ನಾದದ್ದು ಬಂದಿರಲಿಲ್ಲ. ಆದರೆ ಗಪ್. ಅವನು ಕೈ ಇಳಿಸಲಿ, ಆಮೇಲೆ ಆಕೆಗೆ—