ಸಾಕಮ್ಮ ಎಂಬ ಹೆಸರು

ಜೂನ್ ೧೨, ಭಾನುವಾರ

ಇವತ್ತು ಬೆಳಿಗ್ಗೆ ಗ್ರಂಥಾಲಯದ ಭಾಷಣದಲ್ಲಿ ನಾನು ಒಬ್ಬ ತಾಯಿಯನ್ನು ಅವಮಾನಿಸಿದೆ. “ಹೆಣ್ಣು ಹುಟ್ಟಿದ್ದು ಇನ್ನು ಸಾಕು ಎಂದು ಹೆತ್ತವರು ಇಟ್ಟ ಹೆಸರು ಸಾಕಮ್ಮ. ನಾಚಿಕೆಗೇಡು!” ಎಂದು ಮೇಜು ಗುದ್ದಿದೆ. ಆ ಹೆಸರಿದ್ದೂ ಕೀರ್ತಿ ಪಡೆದವರ ಪಟ್ಟಿ ಓದಿದೆ. ಚಪ್ಪಾಳೆಯೋ ಚಪ್ಪಾಳೆ.

ಆಮೇಲೆ ಕುರ್ಚಿ ಜೋಡಿಸುತ್ತಿದ್ದ ಆಯಾ ಹತ್ತಿರ ಬಂದಳು.

“ನಾನೂ ಸಾಕಮ್ಮನೇ ಮೇಷ್ಟ್ರೇ. ಯಾರೋ ನನ್ನನ್ನ ಆಸ್ಪತ್ರೆ ಮೆಟ್ಲ ಮೇಲೆ ಬಿಟ್ಟು ಹೋಗಿದ್ರಂತೆ. ನಮ್ಮಮ್ಮ ಎತ್ಕೊಂಡು, ‘ನಾನು ಸಾಕ್ತೀನಿ’ ಅಂದ್ಳು. ಅದೇ ಹೆಸರಾಯ್ತು. ಇಷ್ಟೆಲ್ಲ ಓದಿದೀರಿ, ಸಾಕೋದು ಅಂದ್ರೆ ಗೊತ್ತಿಲ್ವಾ?” ಎಂದು ನಕ್ಕಳು.

ನಲವತ್ತು ವರ್ಷ ನಿಘಂಟು ತಿರುವಿದವನು ನಾನು. “ತಪ್ಪಾಯ್ತಮ್ಮ” ಎಂದು ಯಾರಿಗೂ ಕೇಳದಂತೆ ಗೊಣಗಿ ಚಪ್ಪಲಿ ಮೆಟ್ಟಿದೆ.

ಆಡಿದ್ದು ಮೈಕಿನಲ್ಲಿ. ಮುಂದಿನ ಭಾನುವಾರ ತಪ್ಪೊಪ್ಪಿಗೆಯೂ ಅದೇ ಮೈಕಿನಲ್ಲೇ ಆಗಬೇಕು, ಅವಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ.